ಮಾವನವರ ಕಿವಿಗೆ ಮಾತ್ರ

ಜೂನ್ ೩, ಸೋಮವಾರ

ಡಿಪೋದ ಡಾಕ್ಟರು ಬರೆಯಲು ಹೇಳಿದ್ದಾರೆ. ಆಯಾ ದಿನ ಆದದ್ದನ್ನು ಮಲಗುವ ಮುಂಚೆ ಬರೆದಿಟ್ಟರೆ ತಲೆ ಖಾಲಿಯಾಗಿ ನಿದ್ದೆ ಬರುತ್ತದಂತೆ. ಯಾರಿಗೂ ತೋರಿಸಬೇಕಾಗಿಲ್ಲವಂತೆ. ತೋರಿಸುವುದಕ್ಕೆ ಏನಿದೆ?

ಆದದ್ದು ಇಷ್ಟು. ಹೋದ ವಾರ ಬೆಳಗಿನ ಮೊದಲ ಪಾಳಿಯಲ್ಲಿ ಆಸ್ಪತ್ರೆಯ ನಿಲ್ದಾಣವನ್ನೂ ಅದರ ಮುಂದಿನದನ್ನೂ ಬಸ್ಸು ನಿಲ್ಲಿಸದೆ ದಾಟಿಸಿಬಿಟ್ಟೆ. ಕಣ್ಣು ತೆರೆದೇ ಇತ್ತು. ಕಂಡಕ್ಟರ್ ಬಂದು ಭುಜ ಅಲುಗಾಡಿಸಿದ ಮೇಲೆಯೇ ಹಿಂದೆ ಜನ ಕೂಗುತ್ತಿರುವುದು ಕೇಳಿಸಿತು. ಯಾರಿಗೂ ಏನೂ ಆಗಲಿಲ್ಲ. ಆದರೂ ಮೇಲ್ವಿಚಾರಕರು ಬಿಡಲಿಲ್ಲ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವರನ್ನು ನಾವೆಲ್ಲ ಗಡಿಯಾರ ಎಂದೇ ಕರೆಯುವುದು. “ನಿದ್ದೆಗೆಟ್ಟೋನ ಕೈಗೆ ಬಸ್ ಕೊಡೋಕಾಗಲ್ಲಪ್ಪ. ಡಾಕ್ಟರ್ ಸರಿ ಅಂದ್ಮೇಲೆ ಬಾ” ಎಂದರು. ಅಲ್ಲಿಯತನಕ ಮರೆತ ಸಾಮಾನಿನ ಕೋಣೆಯಲ್ಲಿ ಕೂರಬೇಕು. ಬಸ್ಸುಗಳಲ್ಲಿ ಜನ ಬಿಟ್ಟುಹೋದ ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ನಾನೂ ಒಬ್ಬ.

ನಿದ್ದೆ ಯಾಕೆ ಬರುವುದಿಲ್ಲ ಎಂದು ಡಾಕ್ಟರು ಕೇಳಿದಾಗ ಟಿ.ವಿ. ಎಂದೆ. ಸುಳ್ಳಲ್ಲ. ಮೊದಲ ಪಾಳಿಯವನು ಕತ್ತಲಿರುವಾಗಲೇ ಏಳಬೇಕು, ಸಂಜೆ ಬೇಗ ಮಲಗಬೇಕು. ನಾನು ತಲೆದಿಂಬಿಗೆ ತಲೆ ಇಡುವ ಹೊತ್ತಿಗೆ ಸರಿಯಾಗಿ ಗೋಡೆಯ ಆಚೆ ಕೋರ್ಟು ಶುರುವಾಗುತ್ತದೆ. ಮಾವನವರು ನೋಡುವುದು ಕೋರ್ಟಿನ ಧಾರಾವಾಹಿ. ಅವರಿಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಮಿಷನ್ ಇದೆ, ಆದರೆ ಇರುವೆ ಹೊಕ್ಕ ಹಾಗಾಗುತ್ತದೆಂದು ಅದನ್ನು ಮೇಜಿನ ಖಾನೆಯಲ್ಲಿ ಮಲಗಿಸಿದ್ದಾರೆ. ಹಾಗಾಗಿ ಟಿ.ವಿ.ಯ ಸದ್ದು ಏರಿಸಿದಷ್ಟೂ ಏರುತ್ತದೆ. ಜಡ್ಜಿ ಸುತ್ತಿಗೆ ಕುಟ್ಟಿದರೆ ನನ್ನ ಮಂಚ ನಡುಗುತ್ತದೆ.

ಅವರು ನನ್ನ ಹೆಂಡತಿಯ ತಂದೆ. ಅವಳು ಹಾಸಿಗೆ ಹಿಡಿದಾಗ ನೋಡಿಕೊಳ್ಳಲು ಬಂದವರು. ಅವಳು ಹೋಗಿ ಐದು ತಿಂಗಳಾಯಿತು. ಇವರು ಹೋಗಿಲ್ಲ.

ಜೂನ್ ೫, ಬುಧವಾರ

ಕೆಳಗಿನ ಮನೆಯ ಟೈಲರಮ್ಮ ಮೆಟ್ಟಿಲಲ್ಲಿ ಅಡ್ಡ ನಿಂತು ಹಿಡಿದುಕೊಂಡರು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. ಒಂದೊಂದು ಸಲ ಸೂಜಿಯ ಚಿಂತೆಯಲ್ಲಿ ಅವರು ಹೇಳಿದ್ದು ತಲೆಗೆ ಹೋಗುವುದಿಲ್ಲ. ಇವತ್ತು ಹೋಯಿತು.

“ಅಣ್ಣಾ, ಆ ಟಿ.ವಿ.ಗೆ ಏನಾದ್ರೂ ಮಾಡಿ. ನೆನ್ನೆ ಆ ವಕೀಲಮ್ಮನ ವಾದ ಕೇಳ್ತಾ ಕೇಳ್ತಾ ಒಬ್ಬರ ಕೋಟಿಗೆ ತೋಳು ಉಲ್ಟಾ ಹೊಲಿದಿದ್ದೀನಿ. ಗಿರಾಕಿಗೆ ಏನು ಹೇಳ್ಲಿ? ಕೋರ್ಟಿಗೆ ಹೋಗಿ ಅನ್ಲಾ?”

ಡಿಪೋದಿಂದ ಬರುವಾಗ ಟಿ.ವಿ. ಅಂಗಡಿಗೆ ಹೋದೆ. ಅಂಗಡಿಯವನು ಮೊದಲು ತೋರಿಸಿದ ಹೆಡ್‌ಫೋನಿನಲ್ಲಿ ತುಟಿ ಒಮ್ಮೆ ಅಲ್ಲಾಡುತ್ತದೆ, ಮಾತು ಆಮೇಲೆ ಬರುತ್ತದೆ. “ವಯಸ್ಸಾದವರಿಗೆ ಇದು ಬೇಡ ಸಾರ್, ತಲೆ ತಿರುಗುತ್ತೆ” ಎಂದು ಅವನೇ ಅದನ್ನು ಒಳಗಿಟ್ಟು ಬೇರೆಯದು ತೆಗೆದ. ಇದಕ್ಕೊಂದು ಪೀಠ ಇದೆ. ಪೀಠವನ್ನು ಟಿ.ವಿ.ಗೆ ಜೋಡಿಸುವುದು, ಹೆಡ್‌ಫೋನನ್ನು ಕಿವಿಗೆ ಹಾಕುವುದು, ನಡುವೆ ವೈರೇ ಇಲ್ಲ. ಬೇಡದಾಗ ಪೀಠದ ಮೇಲೆ ಇಟ್ಟರೆ ಚಾರ್ಜ್ ಆಗುತ್ತದೆ. ಸದ್ದು ಕಿವಿಗೆ ಮಾತ್ರ. ಕೊಂಡು ತಂದೆ.

ಜೂನ್ ೬, ಗುರುವಾರ

ಮಾವನವರು ಮೊದಲು ಮುಖ ಊದಿಸಿಕೊಂಡರು. “ಅಲ್ಲ ಅಳಿಯಂದಿರೇ, ಬಾಯಿ ಮುಚ್ಚಿಸೋಕೆ ಆಗ್ಲಿಲ್ಲ ಅಂತ ಕಿವಿ ಮುಚ್ಚಿಸ್ತಿದ್ದೀರಾ?”

ಅವರು ನನ್ನನ್ನು ಮದುವೆಯ ದಿನದಿಂದ ಇವತ್ತಿನತನಕ ನೀವು, ಅಳಿಯಂದಿರು ಎಂದೇ ಕರೆಯುವುದು. ರೈಲು ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಗಾಡಿ ಎಲ್ಲಿಗೆ ಬರುತ್ತದೆಂದು ಹೇಳುವ ಕೆಲಸದಲ್ಲಿದ್ದವರು. ಮಾತಿನಲ್ಲಿ ಇನ್ನೂ ಆ ಮರ್ಯಾದೆ ಇದೆ, ಗಂಟಲಿನಲ್ಲಿ ಇನ್ನೂ ಆ ಜೋರು ಇದೆ.

ಬಲವಂತ ಮಾಡಿ ಹಾಕಿಸಿದೆ. ಬಲಗಿವಿಯ ಹತ್ತಿರದ ಚಕ್ರ ತಿರುಗಿಸಿದೆ. ಅವರ ಹುಬ್ಬು ಮೇಲೆ ಹೋಯಿತು. ಚಾನೆಲ್‌ನಲ್ಲಿ ಕಾಡಿನ ಚಿತ್ರ ಬರುತ್ತಿತ್ತು. ಟಿ.ವಿ.ಯ ಕಡೆ ಬಾಗಿದರು. ಆಮೇಲೆ, “ಹಕ್ಕಿ ಕೂಗ್ತಿದೆ” ಎಂದರು. ಅಷ್ಟೇ. ಎಷ್ಟು ವರ್ಷದ ಮೇಲೆ ಕೇಳಿಸಿತೋ.

ಮನೆ ನಿಶ್ಶಬ್ದವಾಯಿತು. ಕೊನೆಗೂ.

ಜೂನ್ ೭, ಶುಕ್ರವಾರ

ನಿದ್ದೆ ಬರಲಿಲ್ಲ. ಹೊಸದಲ್ಲವೇ, ಅಭ್ಯಾಸವಾಗಬೇಕು.

ಜೂನ್ ೯, ಭಾನುವಾರ

ಗೋಡೆಯಾಚೆ ಹೋದರೂ ಈ ಹೆಡ್‌ಫೋನಿನಲ್ಲಿ ಸದ್ದು ಬರುತ್ತಲೇ ಇರುತ್ತದೆ ಎಂದು ಮಾವನವರು ಕಂಡುಹಿಡಿದಿದ್ದಾರೆ. ಈಗ ಅದನ್ನು ತಲೆಯ ಮೇಲಿಂದ ತೆಗೆಯುವುದೇ ಇಲ್ಲ. ಟಿ.ವಿ. ಹಜಾರದಲ್ಲಿ ಒಂಟಿಯಾಗಿ ಬಾಯಿ ಆಡಿಸುತ್ತಿರುತ್ತದೆ, ಇವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ “ಛೆ, ಛೆ” ಎನ್ನುತ್ತಿರುತ್ತಾರೆ. ಬೆಳಿಗ್ಗೆ ಬಚ್ಚಲಿನಲ್ಲಿ ಒಬ್ಬರೇ ಗಹಗಹಿಸಿ ನಕ್ಕರು. ನಾನು ಗಾಬರಿಯಾಗಿ ಬಾಗಿಲು ತಟ್ಟಿದೆ. ಕೇಳಿಸಲಿಲ್ಲ.

ತಮ್ಮ ಗಂಟಲು ಎಷ್ಟು ಜೋರಾಗಿದೆ ಎಂಬುದು ಅವರಿಗೆ ಈಗ ಪೂರ್ತಿ ಗೊತ್ತಾಗುತ್ತಿಲ್ಲ. ಸಂಜೆ ನನ್ನ ನಿದ್ದೆ ಕೆಡಬಾರದೆಂದು ಪಿಸುಗುಟ್ಟುತ್ತಾರೆ. ಆ ಪಿಸುಮಾತು ಬೀದಿಗೆ ಕೇಳುತ್ತದೆ.

ಹಾಲು ಉಕ್ಕಿ ಒಲೆ ಆರಿತು. ನಾನೇ ಒರೆಸಿದೆ. ನಿಂತೇ ಊಟ ಮುಗಿಸಿ ಕೋಣೆಗೆ ಬಂದೆ.

ಜೂನ್ ೧೨, ಬುಧವಾರ

ಡಾಕ್ಟರು ಕಣ್ಣು ನೋಡಿ, ಇನ್ನೂ ಎರಡು ವಾರ ಕಳೆಯಲಿ ಎಂದರು. “ಟಿ.ವಿ. ಸದ್ದು ನಿಲ್ತಲ್ಲ, ಈಗೇನು ತೊಂದರೆ?” ಎಂದು ಕೇಳಿದರು. ನನಗೇನು ಗೊತ್ತು? ಸದ್ದು ನಿಂತ ಮೇಲೆ ಗೋಡೆಗಳು ಇನ್ನೂ ಹತ್ತಿರ ಬಂದ ಹಾಗೆ ಅನಿಸುತ್ತದೆ. ಇದನ್ನೆಲ್ಲ ಡಾಕ್ಟರಿಗೆ ಹೇಳುವುದು ಹೇಗೆ? ಸೆಕೆ ಎಂದೆ.

ಭಾವಮೈದ ಫೋನ್ ಮಾಡಿದ್ದ. ಅವನ ಹೊಸ ಮನೆ ಮುಗಿದಿದೆ, ಅಪ್ಪನಿಗೆ ಬೇರೆ ಕೋಣೆ ಇದೆ, ಯಾವಾಗ ಕಳಿಸುತ್ತೀರಿ ಎಂದ. ಮಾವನವರಿಗೆ ಹೇಳಿದೆ. “ಹೋದ್ರಾಯ್ತು ಬಿಡಿ” ಎಂದು ಹೆಡ್‌ಫೋನ್ ಏರಿಸಿಕೊಂಡರು. ಹೋಗಿ ಎಂದು ನಾನಾಗಿ ಹೇಳುವುದು ಸರಿಯಲ್ಲ. ಅವರಾಗಿ ಅರ್ಥ ಮಾಡಿಕೊಳ್ಳಬೇಕು. ಮಗಳೇ ಇಲ್ಲದ ಮನೆಯಲ್ಲಿ ಅಳಿಯನ ಜೊತೆ ಎಷ್ಟು ದಿನ ಅಂತ?

ಜೂನ್ ೧೪, ಶುಕ್ರವಾರ

ಮರೆತ ಸಾಮಾನಿನ ಕೋಣೆಗೆ ಸುಣ್ಣ ಹೊಡೆಯುವವರು ಬಂದರೆಂದು ಗಡಿಯಾರ ಮಧ್ಯಾಹ್ನವೇ ಬಿಟ್ಟುಬಿಟ್ಟರು. ಮನೆಯ ಬೀಗದಕೈ ಮರೆತಿದ್ದೆ. ಗಂಟೆ ಒತ್ತಿದೆ. ಬಾಗಿಲು ಬಡಿದೆ. ಫೋನ್ ಮಾಡಿದೆ, ಒಳಗೆ ಫೋನ್ ಹೊಡೆದುಕೊಳ್ಳುವುದು ನನಗೇ ಕೇಳಿಸಿತು. ಅವರಿಗೆ ಹೇಗೆ ಕೇಳಿಸಬೇಕು? ಕಿವಿಯಲ್ಲಿ ಕೋರ್ಟು ನಡೆಯುತ್ತಿದೆ. ಮಧ್ಯಾಹ್ನ ಹಿಂದಿನ ದಿನದ ಕಂತನ್ನು ಮತ್ತೆ ಹಾಕುತ್ತಾರೆ. ತಲೆ ಚಿಟ್ಟು ಹಿಡಿದು ಮೆಟ್ಟಿಲ ಮೇಲೆ ಕೂತೆ.

ಒಳಗಿನಿಂದ ಮಾವನವರ ಮಾತು ಬರುತ್ತಿತ್ತು. ಟಿ.ವಿ.ಯವರಿಗೆ ಬೈಯುತ್ತಿದ್ದಾರೆ ಎಂದುಕೊಂಡೆ.

“ನೀನು ಹೇಳಿದ್ದೇ ಆಯ್ತು ನೋಡಮ್ಮ. ಡಾಕ್ಟರ್ ಅಲ್ಲ. ತಮ್ಮನೇ. ನಾನು ಸೋತೆ. ನೀನು ಮೊದಲ ವಾರವೇ ಹೇಳಿದ್ದೆ, ಆ ತಮ್ಮನ ನಗು ಸರಿಯಿಲ್ಲ ಅಪ್ಪ ಅಂತ. ನಾನು ಕೇಳ್ಲಿಲ್ಲ.”

ಮತ್ತೆ, “ಇರು, ವಕೀಲಮ್ಮ ಎದ್ದು ನಿಂತ್ಲು. ಹೇಳ್ತೀನಿ.”

ಅವಳ ಜೊತೆ ಮಾತಾಡುತ್ತಿದ್ದರು.

ಏಳಬೇಕು ಅನಿಸಿತು, ಏಳಲಿಲ್ಲ. ಅವಳು ಮಲಗಿದ್ದ ತಿಂಗಳುಗಳಲ್ಲಿ ನಾನು ಎರಡೆರಡು ಪಾಳಿ ಓಡಿಸುತ್ತಿದ್ದೆ. ಮಧ್ಯಾಹ್ನ ಅಪ್ಪ ಮಗಳು ಟಿ.ವಿ. ನೋಡುತ್ತಾರೆ ಎಂಬುದು ಗೊತ್ತಿತ್ತು. ಕೊಲೆ ಮಾಡಿದ್ದು ಯಾರು ಎಂದು ಪಂದ್ಯ ಕಟ್ಟಿಕೊಂಡಿದ್ದು ಗೊತ್ತಿರಲಿಲ್ಲ.

ಟೈಲರಮ್ಮ ಯಾರದ್ದೋ ಬಟ್ಟೆ ಕೊಡಲು ಮೇಲಿನ ಮನೆಗೆ ಹೊರಟಿದ್ದವರು ನನ್ನನ್ನು ನೋಡಿ ನಿಂತರು. ಬಾಯಿಂದ ಗುಂಡುಸೂಜಿ ತೆಗೆದರು.

“ನಿಮಗೆ ಗೊತ್ತಿರ್ಲಿಲ್ವಾ ಅಣ್ಣಾ? ದಿನಾ ಮಧ್ಯಾಹ್ನ ಮಾತಾಡ್ತಾರೆ. ಟಿ.ವಿ. ಸದ್ದು ಇದ್ದಾಗ ನಮಗೂ ಕೇಳಿಸ್ತಿರ್ಲಿಲ್ಲ. ಈಗ ಕಿಟಕಿ ತೆಗೆದಿಟ್ರೆ ಒಂದೊಂದು ಮಾತೂ ಸ್ಪಷ್ಟ.”

“ಅವರಿಗೆ ಹೇಳಬೇಕು” ಎಂದೆ. “ಊರಿಗೆಲ್ಲ ಕೇಳಿಸುತ್ತೆ ಅಂತ.”

“ಬೇಡಿ. ಹೇಳಿದ್ರೆ ನಿಲ್ಲಿಸಿಬಿಡ್ತಾರೆ” ಎಂದು ಅವರು ಮೆಟ್ಟಿಲು ಹತ್ತಿಹೋದರು.

ಜಾಹೀರಾತು ಬಂದಿರಬೇಕು. ಒಳಗೆ ಕುರ್ಚಿ ಎಳೆದ ಸದ್ದಾಯಿತು. “ನಿನ್ನ ಗಂಡ ನೆನ್ನೆ ಕೂಡ ನಿಂತ್ಕೊಂಡೇ ಉಂಡ. ಕುದುರೆ ಹಾಗೆ. ನೀನು ಹೇಳಿದ್ದು ನಾನು ನಂಬಿರ್ಲಿಲ್ಲ. ನಿನ್ನ ತಮ್ಮ ಬಾ ಬಾ ಅಂತಾನೆ. ಹೇಗೆ ಹೋಗ್ಲಿ? ಇವನು ಮತ್ತೆ ಬಸ್ ಹತ್ತೋತನಕ ಇರ್ತೀನಿ. ನೀನೇ ತಾನೇ ಹೇಳಿದ್ದು, ಅವನು ದಾರಿಗೆ ಬರೋತನಕ ನೋಡ್ಕೋ ಅಪ್ಪ ಅಂತ. ಅವನಿಗೆ ನಾನು ಇರೋದು ಬೇಡ. ಮುಖ ನೋಡಿದ್ರೆ ಗೊತ್ತಾಗಲ್ವಾ? ಇರ್ಲಿ. ಒಳ್ಳೇವನು.”

ನಾನು ಮೆಲ್ಲಗೆ ಎದ್ದು ಬೀದಿಗೆ ಇಳಿದೆ. ಮೂಲೆಯ ಅಂಗಡಿಯ ತನಕ ಹೋಗಿ, ಬ್ರೆಡ್ಡು ತೆಗೆದುಕೊಂಡು, ಮಾಮೂಲಿ ಹೊತ್ತಿಗೆ ವಾಪಸು ಬಂದೆ. ಆ ಹೊತ್ತಿಗೆ ಅವರು ಹೆಡ್‌ಫೋನ್ ಪೀಠದ ಮೇಲಿಟ್ಟು ಬಾಗಿಲು ತೆರೆದಿಟ್ಟಿದ್ದರು.

“ಬಂದ್ರಾ ಅಳಿಯಂದಿರೇ? ಕೈಕಾಲು ತೊಳೀರಿ” ಎಂದರು.

ಜೂನ್ ೧೭, ಸೋಮವಾರ

ಹೊಟ್ಟೆನೋವು ಎಂದು ಬೇಗ ಬಂದೆ. ಬೀಗದಕೈ ಜೇಬಿನಲ್ಲಿತ್ತು. ಮೆಟ್ಟಿಲ ಮೇಲೆ ಕೂತೆ. ಕದ್ದು ಕೇಳುವುದು ತಪ್ಪು ಎಂದು ಗೊತ್ತು.

ಇವತ್ತು ಕೇಳಿದ್ದು: ಅವಳು ಚಿಕ್ಕವಳಿದ್ದಾಗ ಅಪ್ಪನ ಮೈಕಿನ ಕೋಣೆಯಲ್ಲಿ ಮೇಜಿನ ಕೆಳಗೆ ಮಲಗುತ್ತಿದ್ದಳಂತೆ. ಅಪ್ಪ ಗಾಡಿಗಳ ಹೆಸರು ಹೇಳುತ್ತಿದ್ದರೆ ಮಾತ್ರ ನಿದ್ದೆಯಂತೆ, ನಿಲ್ಲಿಸಿದರೆ ಎದ್ದು ಅಳುತ್ತಿದ್ದಳಂತೆ. ಹದಿನಾರು ವರ್ಷ ಜೊತೆಗಿದ್ದೆ, ನನಗೆ ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಇನ್ನೊಂದು: ನಾನು ಟೋಪಿ ಹಾಕಿಕೊಂಡು ಕನ್ನಡಿ ಮುಂದೆ ನಿಲ್ಲುವುದನ್ನು ಅವಳು ಅಪ್ಪನಿಗೆ ನಟಿಸಿ ತೋರಿಸುತ್ತಿದ್ದಳಂತೆ. ಮಲಗಿದ್ದಲ್ಲಿಂದಲೇ. “ಹೊಟ್ಟೆ ಹಿಡ್ಕೊಂಡು ನಕ್ಕಿದ್ದೆ ಅವತ್ತು” ಎಂದರು ಮಾವನವರು.

ಮೆಟ್ಟಿಲ ಮೇಲೆ ಕೂತ ನನಗೂ ನಗು ಬಂತು. ಹೌದು, ನಿಲ್ಲುತ್ತಿದ್ದೆ.

ಜೂನ್ ೨೦, ಗುರುವಾರ

ಸಂಜೆ ಕೋಣೆಗೆ ಹೋಗಲು ಮನಸ್ಸಾಗದೆ ಹಜಾರದಲ್ಲೇ ಕೂತೆ. ತಟ್ಟೆ ಅಲ್ಲಿಗೇ ತಂದುಕೊಂಡೆ. ಟಿ.ವಿ.ಯಲ್ಲಿ ಒಬ್ಬ ಕೈ ಮುಗಿದು ಅಳುತ್ತಿದ್ದ. ಮಾವನ ಮೊಣಕೈ ತಟ್ಟಿ, “ಇವನೇನಾ ಕೊಲೆ ಮಾಡಿದ ತಮ್ಮ?” ಎಂದು ಕೇಳಿದೆ.

ಮಾವ ಒಂದು ಕಡೆಯ ಹೆಡ್‌ಫೋನ್ ಎತ್ತಿ ನನ್ನನ್ನು ನೋಡಿದರು. “ತಮ್ಮ ಕೊಲೆ ಮಾಡಿದ್ದು ನಿಮಗೆ ಹೇಗೆ ಗೊತ್ತು?”

ಸಿಕ್ಕಿಬಿದ್ದೆ. “ಡಿಪೋದಲ್ಲಿ ಎಲ್ರೂ ನೋಡ್ತಾರಲ್ಲ ಮಾವ” ಎಂದೆ.

ಅವರಿಗೆ ಉತ್ಸಾಹ ಬಂತು. ಟಿ.ವಿ.ಗೆ ಸಿಕ್ಕಿಸಿದ ಪೀಠದ ಪಿನ್ನು ಕಿತ್ತರೆ ಸದ್ದು ಹೊರಗೆ ಬರುತ್ತದೆ, ಟೈಲರಮ್ಮ ಕೋಲು ತೆಗೆದುಕೊಂಡು ಬರುತ್ತಾರೆ. ಅದಕ್ಕೆ ಅವರೇ ಒಂದು ಉಪಾಯ ಮಾಡಿದರು. ತಾವು ಕೇಳಿಸಿಕೊಂಡು ನನಗೆ ಹೇಳುವುದು.

“ವಕೀಲಮ್ಮ ಕೇಳ್ತಾಳೆ, ಆ ಸಂಜೆ ನೀವು ಎಲ್ಲಿದ್ರಿ? ಇವನು ಹೇಳ್ತಾನೆ, ತೋಟದಲ್ಲಿದ್ದೆ. ವಕೀಲಮ್ಮ, ಹಾಗಾದ್ರೆ ನಿಮ್ಮ ಬೂಟಿಗೆ ಮಣ್ಣು ಯಾಕಿರ್ಲಿಲ್ಲ? ಈಗ ಸಂಗೀತ. ಜೋರು ಸಂಗೀತ. ಜಡ್ಜಿ ಕನ್ನಡಕ ತೆಗೆದ್ರು.”

ಎಲ್ಲವೂ ಅದೇ ಘೋಷಣೆಯ ಗಂಟಲಿನಲ್ಲಿ, ಒಂದೊಂದು ಅಕ್ಷರ ಬಿಡಿಸಿ. ಟಿ.ವಿ.ಯ ಸದ್ದಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಹೆಡ್‌ಫೋನ್ ತಂದು ಏನು ಸುಖವಾಯಿತೋ ಎಂದುಕೊಳ್ಳುತ್ತಿದ್ದೆ.

ಆಮೇಲೆ ಏನಾಯಿತೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕುರ್ಚಿಯಲ್ಲೇ ಇದ್ದೆ. ಯಾರೋ ಹೊದಿಕೆ ಹೊದಿಸಿದ್ದರು. ಹಾಗಾಗಿ ಇದನ್ನು ಮಾರನೆಯ ದಿನ ಬರೆಯುತ್ತಿದ್ದೇನೆ.

ಜೂನ್ ೨೨, ಶನಿವಾರ

ನಿದ್ದೆ ಬರುತ್ತಿದೆ. ಬರೆಯುವುದಿಲ್ಲ.

ಜೂನ್ ೨೬, ಬುಧವಾರ

ಡಾಕ್ಟರ ಹತ್ತಿರ ಹೋಗಿದ್ದೆ. ಈ ವಾರವೆಲ್ಲ ಚೆನ್ನಾಗಿ ಮಲಗಿದ್ದೇನೆ. ಮುಖ ತೊಳೆದ ಹಾಗಾಗಿದೆ ಎಂದು ಕಂಡಕ್ಟರ್ ಕೂಡ ಅಂದ. ಡಾಕ್ಟರು ನನ್ನನ್ನು ನೋಡಿದ ಕೂಡಲೇ, “ಏನು, ಬಸ್ ಹತ್ತೋಣವಾ?” ಎಂದರು.

ಇಲ್ಲ, ಇನ್ನೂ ನಿದ್ದೆ ಸರಿಯಾಗಿಲ್ಲ ಎಂದೆ.

ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಮರೆತ ಸಾಮಾನಿನ ಕೋಣೆ ನನಗೆ ಒಂದಿಷ್ಟೂ ಹಿಡಿಸಿಲ್ಲ. ಇವತ್ತು ಒಬ್ಬ ಹೆಂಗಸು ಬಂದು ತನ್ನ ಕನ್ನಡಕಕ್ಕೆ ಜಗಳವಾಡಿದಳು. ಕನ್ನಡಕ ಅವಳ ತಲೆಯ ಮೇಲೇ ಇತ್ತು. ಇಂಥ ಕಡೆ ಇನ್ನೊಂದು ತಿಂಗಳು ಕೂರುವ ಹುಚ್ಚು ಯಾರಿಗಿದೆ? ಆದರೂ ಬಾಯಿಗೆ ಬಂದದ್ದು ಅದು. ಡಾಕ್ಟರು ನನ್ನ ಕಣ್ಣನ್ನು ಇನ್ನೊಮ್ಮೆ ನೋಡಿ, ಸರಿ ಎಂದರು.

ಡಾಕ್ಟರು ಇನ್ನೂ ಬಿಡಲಿಲ್ಲ ಎಂದು ಮಾವನಿಗೆ ಹೇಳಿದೆ. ಮೊದಲ ಸಲ ಕೇಳಿಸಲಿಲ್ಲ. ಎರಡನೆಯ ಸಲ ಕೇಳಿಸಿತು. ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

ಊಟ ಮಾಡಿದೆ. ಅವರು ಮಾಡಲಿಲ್ಲ.

ಜೂನ್ ೨೮, ಶುಕ್ರವಾರ

ಬೇಗ ಬಂದೆ. ಮೆಟ್ಟಿಲ ಮೇಲೆ ಕೂತೆ. ಇವತ್ತು ಕೋರ್ಟಿನ ಸುದ್ದಿಯೇ ಇರಲಿಲ್ಲ. ಕೇಳಲು ಕಿವಿಯನ್ನು ಬಾಗಿಲಿಗೆ ಹಚ್ಚಿದೆ.

“ನನ್ನ ಕೈಲಿ ಆಗ್ತಿಲ್ಲಮ್ಮ” ಎಂದರು. ಈ ಸಲ ಗಂಟಲು ಸಣ್ಣದಾಗಿತ್ತು. “ಸರಿಹೋದ ಅಂದ್ಕೊಂಡಿದ್ದೆ. ಕೂತು ಊಟ ಮಾಡ್ತಾನೆ, ಗಡ್ಡ ತೆಗೀತಾನೆ, ಕುರ್ಚೀಲಿ ಗೊರಕೆ ಹೊಡೀತಾನೆ. ಆದ್ರೆ ಡಾಕ್ಟರು ಬಿಡ್ಲಿಲ್ವಂತೆ. ಒಳಗೆ ಇನ್ನೇನೋ ಆಗಿದೆ. ನನಗೆ ಗೊತ್ತಾಗ್ತಿಲ್ಲ. ನೀನಿದ್ದಿದ್ರೆ ಕಂಡುಹಿಡೀತಿದ್ದೆ. ನಿನ್ನನ್ನೂ ಉಳಿಸಿಕೊಳ್ಳಲಿಲ್ಲ, ಇವನನ್ನೂ...”

ಮುಂದಿನದನ್ನು ಕೇಳಲಾಗಲಿಲ್ಲ. ಜೇಬಿನಿಂದ ಬೀಗದಕೈ ತೆಗೆದು ಬಾಗಿಲು ತೆರೆದೆ. ಮಾವ ಟಿ.ವಿ.ಗೆ ಬೆನ್ನು ಹಾಕಿ, ಅವಳ ಮಂಚ ಇದ್ದ ಗೋಡೆಯ ಕಡೆ ತಿರುಗಿ ಕೂತಿದ್ದರು. ತಲೆಯ ಮೇಲೆ ಹೆಡ್‌ಫೋನ್. ನಾನು ಬಂದದ್ದು ತಿಳಿಯಲಿಲ್ಲ. ನಾನು ಅಡುಗೆಮನೆಗೆ ಹೋಗಿ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡುತ್ತಾ ಜೋಡಿಸಿದೆ. ಅವರು ನೆಲ ಅದುರಿದ್ದಕ್ಕೋ ಏನೋ ತಿರುಗಿ, ಮುಖ ಒರೆಸಿಕೊಂಡು, “ಇವತ್ತು ಬೇಗ?” ಎಂದರು.

ನನ್ನಿಂದ ಹೀಗಾಯಿತು.

ಜುಲೈ ೧, ಸೋಮವಾರ

ಬೆಳಿಗ್ಗೆ ಮೊದಲ ಕೆಲಸವಾಗಿ ಡಾಕ್ಟರ ಕೋಣೆಗೆ ಹೋದೆ. “ಡಾಕ್ಟ್ರೇ, ಮೊನ್ನೆ ಸುಳ್ಳು ಹೇಳಿದೆ. ನಿದ್ದೆ ಚೆನ್ನಾಗೇ ಬರ್ತಿದೆ” ಎಂದೆ.

“ನನಗೆ ಗೊತ್ತಾಗಿತ್ತು. ಯಾಕೆ ಹೇಳಿದ್ರಿ ಅಂತ ಕೇಳಲ್ಲ” ಎಂದರು. ಕಣ್ಣು, ರಕ್ತದೊತ್ತಡ ಎಲ್ಲ ನೋಡಿ, ಡಿಪೋದೊಳಗೆ ಮೇಲ್ವಿಚಾರಕರನ್ನು ಪಕ್ಕದಲ್ಲಿ ಕೂರಿಸಿ ಬಸ್ಸು ಓಡಿಸಿ ತೋರಿಸಲು ಹೇಳಿದರು. ತೋರಿಸಿದೆ. ಇಳಿಯುವಾಗ ಗಡಿಯಾರ ಮಣಿಕಟ್ಟು ನೋಡಿಕೊಂಡು, “ಗುರುವಾರದಿಂದ ಮೊದಲ ಪಾಳಿ” ಎಂದರು.

ಮನೆಗೆ ಬಂದು ಹೇಳಿದೆ. ಮಾವನಿಗೆ ಮೊದಲ ಸಲವೇ ಕೇಳಿಸಿತು. ಎದ್ದು ನನ್ನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಮಗನಿಗೆ ಫೋನ್ ಮಾಡಿದರು. ಭಾನುವಾರ ಬಂದು ಕರೆದುಕೊಂಡು ಹೋಗುತ್ತಾನಂತೆ.

ಒಳ್ಳೆಯದಾಯಿತು. ಮಗನ ಮನೆ, ಮೊಮ್ಮಕ್ಕಳು. ಇಲ್ಲಿ ಏನಿದೆ?

ಜುಲೈ ೪, ಗುರುವಾರ

ಬಸ್ಸು ಓಡಿಸಿದೆ. ಕ್ಲಚ್ಚು ಸ್ವಲ್ಪ ಬಿಗಿ, ಉಳಿದದ್ದೆಲ್ಲ ಸರಿ. ಆಸ್ಪತ್ರೆಯ ನಿಲ್ದಾಣ ಬಂತು. ಇಳಿಯುವವರಿರಲಿಲ್ಲ, ಹತ್ತುವವರೂ ಇರಲಿಲ್ಲ. ಆದರೂ ನಿಲ್ಲಿಸಿ ಬಾಗಿಲು ತೆರೆದೆ. ಕಂಡಕ್ಟರ್ ನನ್ನನ್ನು ನೋಡಿದ, ಸೀಟಿ ಹೊಡೆಯಲಿಲ್ಲ. ಆಮೇಲೆ ನಾನೇ ಬಾಗಿಲು ಮುಚ್ಚಿ ಹೊರಟೆ.

ಮಾವ ಬಟ್ಟೆ ಮಡಿಸುತ್ತಿದ್ದಾರೆ. ನನ್ನದೂ ಮಡಿಸಿಟ್ಟಿದ್ದಾರೆ.

ಜುಲೈ ೭, ಭಾನುವಾರ

ಭಾವಮೈದ ಬೆಳಿಗ್ಗೆಯೇ ಬಂದ. ಮೊದಲಿಗಿಂತ ದಪ್ಪಗಾಗಿದ್ದಾನೆ. ನಗುವಾಗ ಅವಳ ಹಾಗೇ ಕಣ್ಣು ಮುಚ್ಚಿಹೋಗುತ್ತದೆ. ಮೂವರೂ ಕೂತು ಊಟ ಮಾಡಿದೆವು. ಮಾವ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಏನಿದೆ ಎಂದು ತೋರಿಸಿಕೊಟ್ಟರು. ಹಾಲಿಡುವಾಗ ಪಕ್ಕದಲ್ಲೇ ನಿಂತಿರಬೇಕು ಎಂದರು. ಉಕ್ಕಿಸಿದ್ದು ತಾವೇ ಎಂಬುದನ್ನು ಅನುಕೂಲವಾಗಿ ಮರೆತಿದ್ದರು.

ಹೆಡ್‌ಫೋನನ್ನು ಪೀಠದ ಸಮೇತ ಸುತ್ತಿ ಅವರ ಚೀಲದಲ್ಲಿ ಇಡಹೋದೆ. “ಬೇಡಿ ಅಳಿಯಂದಿರೇ. ಅಲ್ಲಿ ನನಗೆ ಟಿ.ವಿ. ನೋಡಬೇಕು ಅಂತೇನೂ ಇಲ್ಲ” ಎಂದರು. ಯಾಕೆ ಎಂದು ಭಾವಮೈದ ಕೇಳಿದ. ಅವರು ಕೇಳಿಸದ ಹಾಗೆ ಚೀಲದ ಜಿಪ್ಪು ಎಳೆದರು. ಯಾಕೆ ಎಂಬುದು ನನಗೆ ಗೊತ್ತಿತ್ತು. ಅವಳು ನೋಡುತ್ತಿದ್ದುದು ಇಲ್ಲಿ.

ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಂಡರು. ಭಾವಮೈದ ಚೀಲ ಹಿಡಿದು ಮುಂದೆ ಇಳಿದ. ಮಾವ ಒಮ್ಮೆ ಹಜಾರವನ್ನು ನೋಡಿ, ನನ್ನ ಕಡೆ ತಿರುಗಿ, “ಹೋಗ್ತೀನಿ ಅಳಿಯಂದಿರೇ” ಎಂದರು.

ಬರ್ತೀನಿ ಎನ್ನಲಿಲ್ಲ. ಮಾತು ತೂಗಿ ಆಡುವ ಮನುಷ್ಯ. ತಪ್ಪಿ ಬಂದ ಮಾತಲ್ಲ ಅದು.

ನಾನು ತಲೆ ಆಡಿಸಿದೆ. ಅವರು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯತೊಡಗಿದರು.

“ಮಾವ, ಹೋಗಬೇಡಿ” ಎಂದೆ.

ಕೇಳಿಸಲಿಲ್ಲ. ಇಳಿಯುತ್ತಲೇ ಇದ್ದರು.

“ಮಾವ!”

ಬೆನ್ನು ತಿರುವಿನಲ್ಲಿ ಅರ್ಧ ಮರೆಯಾಯಿತು. ಆಗ ಕೂಗಿದೆ. ಬಸ್ಸಿನ ಮುಂದೆ ಯಾರಾದರೂ ಅಡ್ಡ ಬಂದಾಗಲೂ ನಾನು ಹಾಗೆ ಕೂಗಿದ್ದಿಲ್ಲ. “ಮಾವಾ! ಹೋಗಬೇಡಿ! ಇಲ್ಲೇ ಇರಿ!”

ಮೇಲಿನ ಮನೆಯ ಬಾಗಿಲು ತೆರೆಯಿತು. ಕೆಳಗೆ ಟೈಲರಮ್ಮನ ಮಿಷನ್ ನಿಂತಿತು. ಮಾವ ನಿಂತು ಕತ್ತೆತ್ತಿ ನೋಡಿದರು.

“ಏನು? ಏನಾದ್ರೂ ಮರೆತ್ನಾ?”

“ಇಲ್ಲೇ ಇರಿ ಅಂದೆ!”

“ನಿಮಗೆ ಬಸ್ ಸಿಕ್ತಲ್ಲ. ಇನ್ನು ನಾನ್ಯಾಕೆ?”

“ಬಸ್ಸಿಗಲ್ಲ ಮಾವಾ! ನನಗೆ! ನನಗೆ ಬೇಕು ನೀವು!”

ಕಟ್ಟಡದಲ್ಲಿ ಎಲ್ಲರಿಗೂ ಕೇಳಿಸಿರಬೇಕು. ಕೇಳಿಸಲಿ. ಅವರಿಗೆ ಕೇಳಿಸಿತು. ಕಂಬಿ ಹಿಡಿದು ಇಳಿದಷ್ಟೇ ನಿಧಾನವಾಗಿ ಹತ್ತಿ ಬಂದರು. ಏದುಸಿರು ಬಿಡುತ್ತಾ ನನ್ನ ಎದುರು ನಿಂತು, ಮುಖವನ್ನು ನೋಡಿದರು. ಒರಟು ಅಂಗೈಯನ್ನು ನನ್ನ ಕೆನ್ನೆಗೆ ಇಟ್ಟರು.

“ಯಾಕೋ ಅಳ್ತೀಯಾ?” ಎಂದರು.

ಅವರು ಕೇಳುವತನಕ ನಾನು ಅಳುತ್ತಿದ್ದೇನೆಂದು ನನಗೆ ಗೊತ್ತಿರಲಿಲ್ಲ.

ಕೆಳಗಿನಿಂದ ಭಾವಮೈದ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿ ಬಂದ.